ಬಾಡಿಗೆ ಮನೆಗೆ ಆಕಸ್ಮಿಕ ಹಾನಿ: ಬಾಡಿಗೆದಾರರ ಹೊಣೆ ಮತ್ತು ವಿಮೆ

ಮಕ್ಕಳ ಓದು, ಉದ್ಯೋಗ, ವ್ಯಾಪಾರ ಎಂದು ಊರು ಬಿಟ್ಟು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಬಾಡಿಗೆಗೆ ಇರುವ ಜೈನ ಕುಟುಂಬಗಳು ಬಹಳ. ದೇವರ ಕೋಣೆಯ ದೀಪ ಪರದೆಗೆ ತಾಗಬಹುದು. ನೀರು ಸೋಸಲು ಬಟ್ಟೆ ಕಟ್ಟಿದ ನಲ್ಲಿಯನ್ನು ನಿಲ್ಲಿಸಲು ಮರೆತು ಬಸದಿಗೆ ಹೋದರೆ ನೀರು ಕೆಳಗಿನ ಮನೆಯ ಛಾವಣಿಗೆ ಇಳಿಯಬಹುದು. ಬೇಕೆಂದು ಮಾಡಿದ್ದಲ್ಲ, ಆದರೂ ರಿಪೇರಿಯ ಖರ್ಚು ಯಾರದು ಎಂಬ ಪ್ರಶ್ನೆ ಬಂದೇ ಬರುತ್ತದೆ.

ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಅನ್ವಯಿಸುತ್ತದೆ. ಸಹಜ ಸವೆತ ಮತ್ತು ತಡೆಯಲಾಗದ ಪ್ರಕೃತಿ ವಿಕೋಪಗಳನ್ನು ಬಿಟ್ಟು, ಮನೆಯನ್ನು ಪಡೆದ ಸ್ಥಿತಿಯಲ್ಲೇ ಬಾಡಿಗೆದಾರ ಹಿಂದಿರುಗಿಸಬೇಕು. ಆತನ ಅಥವಾ ಆತನ ಕೆಲಸದವರ ತಪ್ಪಿನಿಂದ ಹಾನಿಯಾದರೆ, ಮಾಲೀಕರು ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಸರಿಪಡಿಸಬೇಕು. ಗೋಡೆಯ ಬಣ್ಣ ಮಾಸಿದ್ದು ಸವೆತ. ಬೆಂಕಿಗೆ ಕಪ್ಪಾದದ್ದು ಸವೆತವಲ್ಲ.

"ಮಾಲೀಕರ ಹತ್ತಿರ ವಿಮೆ ಇದೆಯಲ್ಲ, ನಮಗೇನು ಚಿಂತೆ?" ಎನ್ನುವವರಿದ್ದಾರೆ. ಎಡವುವುದು ಇಲ್ಲೇ. ಆ ವಿಮೆ ಮಾಲೀಕರನ್ನು ಕಾಯುತ್ತದೆ, ನಿಮ್ಮನ್ನಲ್ಲ. ಮಾಲೀಕರಿಗೆ ಹಣ ಕೊಟ್ಟ ಕಂಪನಿ ಅವರ ಸ್ಥಾನದಲ್ಲಿ ನಿಂತು, ಹಾನಿಗೆ ಕಾರಣರಾದವರಿಂದ ಆ ಹಣವನ್ನು ವಸೂಲು ಮಾಡಬಹುದು. ಕಾನೂನಿನಲ್ಲಿ ಇದಕ್ಕೆ ಸಬ್ರೊಗೇಶನ್ ಎನ್ನುತ್ತಾರೆ. ಬಾಡಿಗೆದಾರರಿಂದ ವಸೂಲು ಮಾಡುವುದಿಲ್ಲ ಎಂದು ಕಂಪನಿಯೇ ಪಾಲಿಸಿಯಲ್ಲಿ ಮೊದಲೇ ಒಪ್ಪಿದ್ದರೆ ಮಾತ್ರ ನಿಶ್ಚಿಂತೆ. ಮನೆ ಹಿಡಿಯುವಾಗಲೇ ಈ ವಿಷಯವನ್ನು ಮಾಲೀಕರೊಂದಿಗೆ ಮಾತಾಡಿಕೊಳ್ಳಿ. ಹಾನಿಯಾದ ಮೇಲೆ ಮಾಡಿಕೊಳ್ಳುವ ಒಪ್ಪಂದದಿಂದ ಅವರ ಕ್ಲೇಮಿಗೇ ತೊಂದರೆಯಾದೀತು.

2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿ ನೀಡುತ್ತಿವೆ. ಬಾಡಿಗೆದಾರರು ಇದರಲ್ಲಿ ಕಟ್ಟಡ ಬಿಟ್ಟು ಮನೆಯ ಸಾಮಾನುಗಳಿಗೆ ಮಾತ್ರ ವಿಮೆ ಮಾಡಿಸಬಹುದು. ಬೆಂಕಿ, ಪ್ರವಾಹ, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆಯುವುದು ಮುಂತಾದವು ಅದರಲ್ಲಿ ಸೇರಿವೆ. ಚಿನ್ನ, ಬೆಳ್ಳಿಗೆ ಬೇರೆಯಾಗಿ ಕೇಳಿ ಪಡೆಯಬೇಕು. ಬೆಳ್ಳಿಯ ಪೂಜಾ ಸಾಮಗ್ರಿ ಇರುವವರು ಇದನ್ನು ಮರೆಯಬಾರದು. ಆದರೆ ಸಾಮಾನಿನ ವಿಮೆ ನಿಮ್ಮ ಫ್ರಿಜ್, ಕಪಾಟಿಗೆ ಹಣ ಕೊಡುತ್ತದೆ, ಮಾಲೀಕರ ಗೋಡೆಗೆ ಅಲ್ಲ.

ಗೋಡೆಗೆ ಬೇಕಾದದ್ದು ಹೊಣೆಗಾರಿಕೆ ವಿಮೆ. ಗೃಹ ವಿಮೆಯ ಪ್ಯಾಕೇಜುಗಳಲ್ಲಿ ಇದು 'ಪಬ್ಲಿಕ್ ಲಯಬಿಲಿಟಿ' ಎಂಬ ಭಾಗವಾಗಿ ಇರುತ್ತದೆ. ಹೆಸರು ನೋಡಿ ಸಹಿ ಹಾಕಬೇಡಿ. ನೆರೆಯವರಿಗೆ ಆದ ನಷ್ಟವನ್ನು ಸೇರಿಸಿ, ನಿಮ್ಮ ವಶದಲ್ಲಿರುವ ಬಾಡಿಗೆ ಮನೆಯನ್ನೇ ಹೊರಗಿಡುವ ಪಾಲಿಸಿಗಳೂ ಉಂಟು. ಬಾಡಿಗೆ ಕಟ್ಟಡಕ್ಕೆ ಆಗುವ ಆಕಸ್ಮಿಕ ಹಾನಿಯ ಹೊಣೆ ಸೇರಿದೆಯೇ, ಮಿತಿ ಎಷ್ಟು, ನಲ್ಲಿ ತೆರೆದಿಟ್ಟು ಆದ ಹಾನಿಗೆ ಅನ್ವಯವೇ ಎಂದು ಲಿಖಿತವಾಗಿ ಕೇಳಿ. ಏಜೆಂಟರ ಬಾಯಿಮಾತು ಕ್ಲೇಮಿನ ದಿನ ನಿಲ್ಲುವುದಿಲ್ಲ.

ಮನೆಗೆ ಬಂದ ದಿನವೇ ಪ್ರತಿ ಕೋಣೆಯ ಫೋಟೊ ತೆಗೆದು ಮಾಲೀಕರಿಗೆ ಕಳುಹಿಸಿ. ಮುಂಗಡದ ಲೆಕ್ಕ ಹಾಕುವಾಗ ಇದರಷ್ಟು ಉಪಕಾರಿ ಮತ್ತೊಂದಿಲ್ಲ. ಹಾನಿಯಾದರೆ ಕಂಪನಿಗೆ ಕೂಡಲೇ ತಿಳಿಸಿ, ಸರ್ವೇಯರ್ ಬರುವವರೆಗೆ ಸುಟ್ಟ, ನೆನೆದ ಭಾಗಗಳನ್ನು ತೆಗೆಯಬೇಡಿ. ಕ್ಲೇಮ್ ತಿರಸ್ಕೃತವಾದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ನೀಡಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.