ತುಂಗಭದ್ರೆಯ ಕಾಲುವೆಗಳೂ ಹೊಸ ಕಾಲದ ಕಸವೂ

ಹಂಪೆಯ ಗುಡಿಗೋಪುರಗಳನ್ನು ಕಂಡು ಬೆರಗಾಗುವವರು ಅನೇಕರು. ಆ ಮಹಾನಗರವನ್ನು ಬದುಕಿಸಿದ ಕಾಲುವೆಗಳ ಕಡೆಗೆ ದೃಷ್ಟಿಯನ್ನು ಹೊರಳಿಸುವವರು ವಿರಳ. 1521ರಲ್ಲಿ, ಕೃಷ್ಣದೇವರಾಯನ ಆಳಿಕೆಯಲ್ಲಿ, ವಲ್ಲಭಾಪುರದ ಬಳಿ ಕಟ್ಟಿದ ಅಣೆಯಿಂದ ಹೊರಟ ಬಸವಣ್ಣ ಕಾಲುವೆಯು ಹೊಸಪೇಟೆಯ ಸೀಮೆಗೆ ನೀರುಣಿಸಿತು. ಅಣೆಯು ತುಂಗಭದ್ರಾ ಜಲಾಶಯದಲ್ಲಿ ಮುಳುಗಿದ್ದರೂ ಕಾಲುವೆಯು ಇಂದಿಗೂ ಹರಿಯುತ್ತಿರುವುದು. ಹಂಪೆಯ ತುರ್ತಾ ಕಾಲುವೆಯೂ ಹಾಗೆಯೇ ಗದ್ದೆತೋಟಗಳನ್ನು ಸಾಕುತ್ತಿರುವುದು.

ಕಾಲುವೆಯನ್ನು ತೋಡುವುದು ಒಮ್ಮೆಯ ಕೆಲಸ. ಅದನ್ನು ಶುದ್ಧವಾಗಿಟ್ಟುಕೊಳ್ಳುವುದು ವರ್ಷವರ್ಷದ ಕೆಲಸ. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಕರ್ಣಾಟಕದ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಹೆಸರುಗಳು ಬರುವುವು. ಇವು ಕೆರೆಕಟ್ಟೆಗಳನ್ನು ಕಟ್ಟಿ ಕಾಪಾಡಿದವರಿಗೆ ಸಲ್ಲುತ್ತಿದ್ದ ಭೂಮಿಕಾಣಿಗಳು. ಹೂಳನ್ನು ಹೊರುವ ಬಂಡಿಗಳಿಗೂ ದತ್ತಿಗಳುಂಟು. ತೆಗೆದ ಹೂಳು ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಆದುದರಿಂದ ಅದನ್ನು ಒಯ್ಯಲು ರೈತನೇ ಮುಂದಾಗುತ್ತಿದ್ದನು.

ಇಂದು ನೀರಿಗೆ ಬೇರೊಂದು ಕಸವು ಬಂದೊದಗಿದೆ. ಅಮೆರಿಕದಲ್ಲಿ ನೆಲಸಿದ ಬೇಕ್ಲೆಂಡ್ ಎಂಬ ರಸಾಯನಜ್ಞನು 1907ರಲ್ಲಿ ಬೇಕಲೈಟನ್ನು ಕಂಡುಹಿಡಿದನು. 1933ರಲ್ಲಿ ಇಂಗ್ಲೆಂಡಿನಲ್ಲಿ ಪಾಲಿಥೀನು ದೊರೆಯಿತು. ಈ ಬಗೆಯ ಪ್ಲಾಸ್ಟಿಕ್ಕು ಎಲೆಯಂತೆ ಕೊಳೆತು ಮಣ್ಣಾಗದು. ಬಿಸಿಲಿಗೆ ಸಿಡಿದು ಚೂರುಚೂರಾಗುವುದು. ತುಂಗಭದ್ರೆಯು ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಇಳಿಯುವುದರಿಂದ, ಹಂಪೆಯ ಘಟ್ಟದಲ್ಲಾಗಲಿ ಕಂಪ್ಲಿಯ ದಡದಲ್ಲಾಗಲಿ ಎಸೆದ ಚೀಲವು ಸಮುದ್ರದ ದಾರಿಯನ್ನೇ ಹಿಡಿಯುವುದು. ಕರ್ಣಾಟಕ ಸರಕಾರವು 2016ರಲ್ಲಿ ಇಂತಹ ಚೀಲಗಳನ್ನು ನಿಷೇಧಿಸಿತು. ಒಮ್ಮೆ ಬಳಸಿ ಬಿಸುಡುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ಕೇಂದ್ರ ಸರಕಾರವು 2022ರ ಜುಲೈ 1ರಿಂದ ನಿಷೇಧಿಸಿತು.

ನೀರಿಗಿಳಿದ ಕಸವನ್ನು ಮೇಲೆತ್ತುವ ಉಪಾಯಗಳೂ ಹುಟ್ಟಿವೆ. ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿ 2014ರಿಂದ ಒಂದು ಜಲಚಕ್ರವು ಕೆಲಸ ಮಾಡುತ್ತಿದೆ. ಹೊಳೆಯ ಹರಿವೇ ಅದನ್ನು ತಿರುಗಿಸುವುದು. ಹರಿವು ತಗ್ಗಿದಾಗ ಸೂರ್ಯಶಕ್ತಿಯು ನೆರವಾಗುವುದು. ತೇಲುತಡೆಗಳು ಕಸವನ್ನು ಅದರ ಬಾಯಿಗೆ ನೂಕುವುವು. ಚಲಿಸುವ ಪಟ್ಟಿಯು ಅದನ್ನು ತೊಟ್ಟಿಗೆ ಸುರಿಯುವುದು. ಚೆನ್ನೈಯ ಕೂವಂ ನದಿಗೆ ಬೆಂಗಳೂರಿನ ಸಂಸ್ಥೆಯೊಂದು ತೇಲುತಡೆಗಳನ್ನು ಅಳವಡಿಸಿತು.

ಆದರೆ ಯಂತ್ರವೊಂದೇ ಸಾಲದು. ತಡೆಯಲ್ಲಿ ತಂಗಿದ ಕಸವನ್ನು ದಿನದಿನವೂ ತೆಗೆಯದಿದ್ದರೆ ಮುಂದಿನ ಪ್ರವಾಹವು ಅದನ್ನು ಕೊಚ್ಚಿಕೊಂಡು ಹೋಗುವುದು. ಹೂಳಿಗೆ ಹೊಲವಿತ್ತು, ಈ ಕಸವನ್ನು ಬಯಸುವವರು ಕಡಮೆ. ಆದುದರಿಂದ ಅದನ್ನು ಎತ್ತುವ ಕೂಲಿಗೂ ಸಾಗಿಸುವ ಬಂಡಿಗೂ ತಪ್ಪದ ಆದಾಯವೊಂದನ್ನು ಊರು ಮುಡಿಪಾಗಿಡಬೇಕು. ಹರಿಗೋಲಿನ ಅಂಬಿಗರು ಹೊಳೆಯ ಸುಳಿ ಮಡುಗಳನ್ನು ಬಲ್ಲವರು. ಈ ಕಾರ್ಯಕ್ಕೆ ಅವರಿಗಿಂತ ಯೋಗ್ಯರು ಯಾರು? ಐನೂರು ವರ್ಷಗಳ ಕಾಲುವೆಯು ಇಂದಿಗೂ ಹರಿಯುತ್ತಿರುವುದು ಕಲ್ಲಿನ ಬಲವೊಂದರಿಂದಲೇ ಅಲ್ಲ, ಕಾಯ್ದವರ ದುಡಿಮೆಯಿಂದ. ನಮ್ಮ ಪುರಸಭೆ ಪಂಚಾಯತಿಗಳ ಆಯವ್ಯಯದಲ್ಲಿ ಹೊಸ ಕಟ್ಟುಕೊಡಗೆಯೊಂದಕ್ಕೆ ಎಡೆಯಾಗಬಾರದೆ?