ಚಮಚ ಹಿಂದೆ ತೆಗೆಯದ ಚಿಕಿತ್ಸೆ

ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ ರಾಗಿ ಸರಿ ಕುಡಿಸುತ್ತಿದ್ದ ಅಜ್ಜಿಯನ್ನು ನೋಡುತ್ತಾ ಬೆಳೆದವನು ನಾನು. ಅತ್ತರೆ ಬಾಯಿ ತೆರೆಯುತ್ತದೆ, ಇಳಿಯುತ್ತದೆ ಎಂಬುದು ಅವರ ಲೆಕ್ಕ. ಅಳುವಾಗ ಅದು ಶ್ವಾಸನಾಳಕ್ಕೂ ಇಳಿಯಬಹುದೆಂದು ನಾನು ಕಲಿತದ್ದು ಮೆಡಿಕಲ್ ಕಾಲೇಜಿನಲ್ಲಿ. ಅಮೆರಿಕಕ್ಕೆ ಬಂದ ಮೇಲೆ, ಊಟ ಒಲ್ಲೆನ್ನುವ ಮಕ್ಕಳ ಚಿಕಿತ್ಸೆಯಲ್ಲಿ ಆ ಅಳು ಮತ್ತೆ ಎದುರಾಯಿತು.

1926ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಡಾ. ಕ್ಲಾರಾ ಡೇವಿಸ್ ಆಗಷ್ಟೇ ಹಾಲು ಬಿಡಿಸಿದ ಶಿಶುಗಳ ಮುಂದೆ ಬಗೆಬಗೆಯ ಆಹಾರವಿಟ್ಟು ಆಯ್ಕೆಯನ್ನು ಅವಕ್ಕೇ ಬಿಟ್ಟಿದ್ದರು. ಮಗು ಕೈಚಾಚಿದರೆ ಮಾತ್ರ ದಾದಿ ಚಮಚ ಎತ್ತಬೇಕು. ಶಿಶುಗಳು ಚೆನ್ನಾಗಿಯೇ ಬೆಳೆದವು. ಆದರೆ ತಿಂಗಳುಗಟ್ಟಲೆ ಮೂಗಿನ ನಳಿಕೆಯಲ್ಲೇ ಆಹಾರ ಪಡೆದು, ಬಾಯಲ್ಲಿ ಉಣ್ಣುವುದನ್ನೇ ಕಲಿಯದ ಮಗುವಿಗೆ ಆ ಉಪಾಯ ಸಾಲದು.

1980–90ರ ದಶಕಗಳಲ್ಲಿ ವರ್ತನಾ ಚಿಕಿತ್ಸಕರು ಬೇರೊಂದು ದಾರಿ ಹಿಡಿದರು. ಅತ್ತರೆ ಚಮಚ ಹಿಂದೆ ಹೋಗುತ್ತದೆ. ಅದೇ ಅಳುವಿಗೆ ಸಿಗುವ ಬಹುಮಾನ. ಆದ್ದರಿಂದ ಚಮಚವನ್ನು ತುಟಿಯ ಬಳಿಯೇ ಹಿಡಿದಿರಿ, ಉಗುಳಿದರೆ ಮತ್ತೆ ಕೊಡಿ. ಇದು ಫಲಿಸಿತು, ಅನುಮಾನವಿಲ್ಲ. ನಳಿಕೆ ಕಳಚಿಕೊಂಡ ಮಕ್ಕಳನ್ನು ನಾನೇ ಕಂಡಿದ್ದೇನೆ. ಆದರೆ ಬಹುಮಾನ ನಿಂತಾಗ ಅಳು ಕಡಿಮೆಯಾಗುವ ಮೊದಲು ಕೆಲವೊಮ್ಮೆ ಜೋರಾಗುತ್ತದೆ. ತಲೆ ತಿರುಗಿಸುವುದು, ಚಮಚಕ್ಕೆ ಹೊಡೆಯುವುದು, ಓಕರಿಕೆ, ವಾಂತಿ. ಆ ಹೊತ್ತಿಗೆ ತಾಯಿ ಸೋತು ಚಮಚ ಇಳಿಸಿದರೆ, ಜೋರಾಗಿ ಅತ್ತರೆ ಗೆಲ್ಲಬಹುದೆಂದು ಮಗು ಕಲಿಯಿತು.

ನಾನೂ ಒಬ್ಬ ತಾಯಿಗೆ ಹಾಗೆಯೇ ಹೇಳಿ ಕಳಿಸಿದ್ದೆ: ತೆಗೆಯಬೇಡಿ, ಸೋಲಬೇಡಿ. ಮನೆಯಲ್ಲಿ ಜೊತೆಗೆ ನಿಲ್ಲುವವರು ಯಾರಿದ್ದಾರೆ ಎಂದು ಕೇಳಲಿಲ್ಲ. ಕೆಲವು ವಾರಗಳ ಬಳಿಕ ಆಕೆ ಬಂದರು. “ಡಾಕ್ಟ್ರೇ, ತೂಕವೇನೋ ಏರಿದೆ. ನಾನು ಅಡುಗೆಮನೆ ಕಡೆ ತಿರುಗಿದರೆ ಸಾಕು, ಬಾಯಿ ಮುಚ್ಚಿಕೊಂಡು ಅಳ್ತಾಳೆ.” ಕೇಸ್ ಶೀಟಿನಲ್ಲಿ ನಾನು ಬರೆದದ್ದು ತೂಕವನ್ನು ಮಾತ್ರ.

1996ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಾನು ಸರಿಯಾಗಿ ಓದಿದ್ದು ಆಮೇಲೆ. ಮೂವರು ಮಕ್ಕಳು, ಎರಡು ವಿಧಾನ: ಚಮಚ ತೆಗೆಯದೇ ಇರುವುದು ಒಂದು, ದವಡೆಯ ಕೀಲನ್ನು ಮೆಲ್ಲಗೆ ಒತ್ತಿ ಬಾಯಿ ತೆರೆಸುವುದು ಇನ್ನೊಂದು. ಎರಡರಲ್ಲೂ ಮಕ್ಕಳು ತುತ್ತು ತೆಗೆದುಕೊಂಡರು. ಕೇಳಲು ಕಠಿಣವೆನಿಸುವ ಎರಡನೆಯದರಲ್ಲೇ ರಂಪಾಟ ಕಡಿಮೆ, ಊಟವೂ ಬೇಗ ಮುಗಿಯಿತು. ಅಪ್ಪ-ಅಮ್ಮಂದಿರು ಒಪ್ಪಿದ್ದೂ ಅದನ್ನೇ. ನನಗಂತೂ ಆಶ್ಚರ್ಯವಾಯಿತು. ಆ ಸಂಶೋಧಕರು ತುತ್ತಿನ ಜೊತೆಗೆ ಮಗುವಿನ ರಂಪಾಟವನ್ನೂ ಎಣಿಸಿದ್ದರು, ಹೆತ್ತವರನ್ನೂ ಕೇಳಿದ್ದರು.