ಭೂಕಂಪ ಭೂಫಲಕಗಳ ಗಡಿಯಲ್ಲಿ ಮಾತ್ರ ಆಗುತ್ತದೆಯೇ? 8.6 ತೀವ್ರತೆ ಅಂದರೆ ಸುನಾಮಿ ಖಚಿತವೇ?

ನೆಲ ಸ್ವಲ್ಪ ನಡುಗಿದರೆ ಸಾಕು, ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಗೆಯ ಮೆಸೇಜ್ ಓಡಾಡುತ್ತವೆ. ಒಂದು: "ನಾವು ಭೂಫಲಕದ ನಡುವೆ ಇದ್ದೇವೆ, ನಮಗೆ ಭೂಕಂಪದ ಭಯವಿಲ್ಲ." ಇನ್ನೊಂದು: "ಸಮುದ್ರದಲ್ಲಿ 8ಕ್ಕಿಂತ ದೊಡ್ಡ ಭೂಕಂಪ ಆಯಿತು, ಸುನಾಮಿ ಬಂದೇ ಬರುತ್ತೆ." ಎರಡೂ ತಪ್ಪು. ಇದಕ್ಕೆ ಒಳ್ಳೆಯ ಉತ್ತರ 2012ರಲ್ಲಿ ಹಿಂದೂ ಮಹಾಸಾಗರದಲ್ಲೇ ಸಿಕ್ಕಿದೆ.

ಅಂದು ಏನಾಯಿತು?

2012ರ ಏಪ್ರಿಲ್ 11ರ ಮಧ್ಯಾಹ್ನ 2 ಗಂಟೆ ದಾಟಿದಾಗ ಸುಮಾತ್ರಾದ ಪಶ್ಚಿಮಕ್ಕೆ 8.6 ತೀವ್ರತೆಯ ಭೂಕಂಪ ಆಯಿತು. ಸುಮಾರು ಎರಡು ಗಂಟೆಯ ನಂತರ 8.2 ತೀವ್ರತೆಯ ಇನ್ನೊಂದು. ಬೆಂಗಳೂರು, ಚೆನ್ನೈಗಳಲ್ಲೂ ಕಟ್ಟಡಗಳು ಅಲುಗಿ ಜನ ಹೊರಗೆ ಓಡಿ ಬಂದರು. ಆದರೆ ಇದು ಆದದ್ದು ಗಡಿಯಲ್ಲಲ್ಲ. ಅಲ್ಲಿಂದ ಸುಮಾರು 100 ಕಿ.ಮೀ. ದೂರ, ಭೂಫಲಕದ ಒಳಗೆ.

ಫಲಕದ ನಡುವೆ ಏಕೆ ಒಡೆಯುತ್ತದೆ?

ಖಡಕ್ ರೊಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಒತ್ತಿ ನೋಡಿ. ಅಂಚು ಗಟ್ಟಿಯಾಗಿದ್ದರೂ ನಡುವೆ ಪಟಕ್ಕನೆ ಮುರಿಯುತ್ತದೆ. ಇಲ್ಲೂ ಹಾಗೆಯೇ. ನಾವು ನಿಂತಿರುವ ಭಾರತದ ಭಾಗ ಉತ್ತರದಲ್ಲಿ ಹಿಮಾಲಯಕ್ಕೆ ಗುದ್ದಿ ನಿಧಾನವಾಗಿದೆ. ಪೂರ್ವದಲ್ಲಿ ಆಸ್ಟ್ರೇಲಿಯಾದ ಭಾಗ ಸುಮಾತ್ರಾದ ಕೆಳಗೆ ಜಾರುತ್ತ ಮುಂದೆ ಹೋಗುತ್ತಿದೆ. ನಡುವಿನ ಸಮುದ್ರತಳ ಹಿಂಡಿದಂತಾಗಿ ನಿಧಾನವಾಗಿ ಎರಡು ಫಲಕಗಳಾಗಿ ಒಡೆಯುತ್ತಿದೆ.

ಅಂದು ಒಂದೇ ಬಿರುಕು ಜಾರಲಿಲ್ಲ. ಊರಿನ ಓಣಿಗಳಂತೆ ಒಂದಕ್ಕೊಂದು ಅಡ್ಡವಾಗಿರುವ ಕನಿಷ್ಠ ನಾಲ್ಕು ಬಿರುಕುಗಳು ಮೂರು ನಿಮಿಷದೊಳಗೆ ಒಂದರ ಹಿಂದೆ ಒಂದು ಜಾರಿದವು. ಹಳೆಯ ಸಮುದ್ರತಳ ತಣ್ಣಗೆ, ಗಟ್ಟಿಯಾಗಿ ಇರುವುದರಿಂದ ಬಿರುಕು ಹತ್ತಾರು ಕಿ.ಮೀ. ಆಳಕ್ಕೂ ಇಳಿಯಿತು. ಅದಕ್ಕೇ ಅಷ್ಟು ದೊಡ್ಡ ತೀವ್ರತೆ.

ಹಾಗಾದರೆ ಸುನಾಮಿ ಏಕೆ ಬರಲಿಲ್ಲ?

2004ರ ಡಿಸೆಂಬರ್ 26ರಂದು ಸಮುದ್ರತಳ ಮೇಲಕ್ಕೆ ಎದ್ದು ನೀರನ್ನು ಎತ್ತಿ ಹಾಕಿತು. ಸುನಾಮಿ ಬಂದು ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. 2012ರಲ್ಲಿ ನೆಲ ಮುಖ್ಯವಾಗಿ ಅಡ್ಡಕ್ಕೆ ಜಾರಿತು. ಬೋಗಾಣಿ ನೀರಿನಲ್ಲಿ ತಟ್ಟೆಯನ್ನು ಕೆಳಗಿನಿಂದ ಮೇಲೆತ್ತಿದರೆ ನೀರು ಉಕ್ಕುತ್ತದೆ. ಮಟ್ಟಸವಾಗಿ ಪಕ್ಕಕ್ಕೆ ಸರಿಸಿದರೆ ಅಷ್ಟು ಉಕ್ಕುವುದಿಲ್ಲ. ಅಂದು ಎದ್ದ ದೊಡ್ಡ ಅಲೆಯೂ ಸುಮಾರು ಒಂದು ಮೀಟರ್ ಮಾತ್ರ. ಆದರೂ ಮುನ್ನೆಚ್ಚರಿಕೆ ಕೊಟ್ಟಿದ್ದು ಸರಿಯೇ, ಏಕೆಂದರೆ ಮೊದಲ ನಿಮಿಷಗಳಲ್ಲಿ ನೆಲ ಹೇಗೆ ಜಾರಿತು ಎಂದು ಪೂರ್ತಿ ತಿಳಿದಿರುವುದಿಲ್ಲ. ಅಪಾಯವಿಲ್ಲ ಎಂದು ಖಚಿತವಾದ ಮೇಲೆ ಅದನ್ನು ಹಿಂತೆಗೆದುಕೊಂಡರು.

ಇದರಿಂದ ನಮಗೇನು?

ಕನ್ನೊಳ್ಳಿ, ಸಿಂದಗಿ, ಇಂಡಿ ಕಡೆಯವರಿಗೆ ಸಮುದ್ರ ದೂರ, ಸುನಾಮಿ ಚಿಂತೆ ಇಲ್ಲ. ಆದರೆ ಫಲಕದ ನಡುವೆಯೂ ನೆಲ ಒಡೆಯುತ್ತದೆ ಎಂಬ ಮಾತು ನಮಗೂ ಅನ್ವಯಿಸುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿ ನಡುಗಿದ್ದು ಫಲಕದ ಒಳಗೇ. ಅದು ಸಿಂದಗಿಯಿಂದ 150 ಕಿ.ಮೀ. ಒಳಗಿನ ಊರು. ತೀವ್ರತೆ 6.2 ಮಾತ್ರ, ಆದರೂ ಕಲ್ಲು-ಮಣ್ಣಿನ ಭಾರದ ಗೋಡೆಗಳು ಮಲಗಿದ್ದವರ ಮೇಲೆ ಬಿದ್ದು ಸಾವಿರಾರು ಜನ ಸತ್ತರು. 2021 ಮತ್ತು 2022ರಲ್ಲಿ ವಿಜಯಪುರ ಜಿಲ್ಲೆಯ ಹಲವೆಡೆ ಸಣ್ಣ ಕಂಪನಗಳಾದದ್ದು ನಿಮಗೆ ನೆನಪಿರಬಹುದು. ಸಣ್ಣ ಕಂಪನ ಆಯಿತೆಂದರೆ ಅದರ ಹಿಂದೆ ದೊಡ್ಡದು ಬಂದೇ ಬರುತ್ತದೆ ಎಂದಲ್ಲ.

ನೆನಪಿಡಿ

• "ಇಂದು ರಾತ್ರಿ ಇಷ್ಟು ಗಂಟೆಗೆ ಭೂಕಂಪ" ಎಂಬ ಮೆಸೇಜ್ ಸುಳ್ಳು. ದಿನ, ಗಂಟೆ ಹೇಳುವ ವಿದ್ಯೆ ಯಾರಿಗೂ ಇಲ್ಲ.
• ನಡುಗುವಾಗ ಗಟ್ಟಿ ಮೇಜಿನ ಕೆಳಗೆ ಕೂತು ತಲೆ ಕಾಪಾಡಿಕೊಳ್ಳಿ. ನಿಂತ ಮೇಲೆ ಬಯಲಿಗೆ ಬನ್ನಿ.
• ಬಿರುಕು ಬಿಟ್ಟ ಹಳೆಯ ಗೋಡೆಯ ಪಕ್ಕ ಹಾಸಿಗೆ ಹಾಕಬೇಡಿ.
• ನಿಜ ತಿಳಿಯಲು ರಾಷ್ಟ್ರೀಯ ಭೂಕಂಪ ಶಾಸ್ತ್ರ ಕೇಂದ್ರದ ಮಾಹಿತಿ ನೋಡಿ. ಆಮೇಲೆ ಫಾರ್ವರ್ಡ್ ಮಾಡಿ.